ಬಣ್ಣ ತೊಳೆದ ಬೀಜ

ಬೀಜದ ಮೇಷ್ಟ್ರು ಬೆಳಗಿನ ಎರಡನೇ ಲೋಟ ಚಹಾ ಕೈಗೆತ್ತಿಕೊಂಡಿದ್ದರು. ಅಷ್ಟರಲ್ಲಿ ಅಂಚೆಯಣ್ಣ ಒಳಗೆ ಬಂದ. ನಮಸ್ಕಾರ ಇಲ್ಲ, ಕುಶಲ ಇಲ್ಲ, ಚೀಲಕ್ಕೆ ಕೈ ಹಾಕಿ ಮೂರು ಟೊಮೆಟೊ ತೆಗೆದು ಮೇಜಿನ ಮೇಲಿಟ್ಟ.

"ಇದೇನು ಹೇಳಿ ಮೇಷ್ಟ್ರೇ."

"ಟೊಮೆಟೊ."

"ಟೊಮೆಟೊ ಅಂತ ನೋಡೋಕೆ ನನಗೂ ಕಣ್ಣಿದೆ. ಯಾವ ಟೊಮೆಟೊ?"

ಮೂರೂ ಕೋಳಿಮೊಟ್ಟೆಯ ಹಾಗೆ ಉದ್ದುದ್ದ. ಗಟ್ಟಿ ಸಿಪ್ಪೆ, ಅಚ್ಚಿನಲ್ಲಿ ಹೊಯ್ದಂತೆ ಒಂದೇ ಅಳತೆ. ಅವರ ಗುಂಪಿನವರು ಬೆಳೆಯುವ ಟೊಮೆಟೊ ಹೀಗಿರುವುದಿಲ್ಲ. ಅದು ಚಪ್ಪಟೆ, ಮೈತುಂಬ ಏಣು. ಕೊಯ್ದರೆ ಹುಳಿ ವಾಸನೆ ಪಕ್ಕದ ಕೋಣೆಗೆ ಹೋಗಬೇಕು.

"ನನ್ನ ಹೊಲದ್ದು," ಅಂದ ಅಂಚೆಯಣ್ಣ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾಗಿ ಏಳು ವರ್ಷವಾಗಿದ್ದರೂ ಆ ಹೆಸರು ಬಿಟ್ಟಿರಲಿಲ್ಲ. ಈಗ ಸಾವಯವ ಬೆಳೆಗಾರರ ಗುಂಪಿಗೆ ಅವನೇ ಕಾರ್ಯದರ್ಶಿ. "ನೀವು ಕೊಟ್ಟ ಬೀಜದ್ದೇ. ನಿನ್ನೆ ಐದು ಮನೆ ಸುತ್ತಿ ಬಂದೆ. ಐದರಲ್ಲೂ ಇದೇ. ಇದು ಪೇಟೆಯ ಹೈಬ್ರಿಡ್ ಅಲ್ಲದೆ ಇನ್ನೇನು? ಪೇಟೆಯಲ್ಲಿ ನಮ್ಮ ತರಕಾರಿ ಕೊಳ್ಳುವ ಸಾವಯವ ಅಂಗಡಿಯ ಮೇಡಂ ಪೆಟ್ಟಿಗೆ ವಾಪಸ್ ಕಳಿಸಿದ್ದಾಳೆ. ಹೇಗಾಯ್ತು ಇದು?"

ಅಡುಗೆಮನೆಯ ಬಾಗಿಲಲ್ಲಿ ಸೊಸೆ, ಬಂದವರಿಗೆಂದು ತಂದ ಚಹಾದ ಲೋಟ ಹಿಡಿದು ನಿಂತುಬಿಟ್ಟಿದ್ದಳು. ಮೇಷ್ಟ್ರಿಗೆ ಅವಳು ಕಾಣಿಸಿದಳು. ಕಾಣಿಸಿದ ಮೇಲೂ ಅವರ ಬಾಯಿಂದ ಬಂದ ಮಾತು ಇದು:

"ನಿನಗೇ ಗೊತ್ತಲ್ಲ ಮಾರಾಯ, ಬೀಜದ ಕೆಲಸ ಎಲ್ಲ ಅವಳದೇ."

ಸುಳ್ಳು ಅನ್ನುವ ಹಾಗಿಲ್ಲ. ಬೀಜದ ಕೆಲಸ ಎಲ್ಲ ಅವಳದೇ ಆಗಿತ್ತು. ಆ ಒಂದು ಸಲ ಬಿಟ್ಟು.

*

ಮೂವತ್ತಮೂರು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರಿಗೆ ಭಾಷಣದ ಚಟ ಬಿಡಲಿಲ್ಲ. ವಿಷಯ ಮಾತ್ರ ಬದಲಾಯಿತು. "ಪೇಟೆಯ ಬೀಜ ಬಾಡಿಗೆ ಮನೆ ಇದ್ದಂತೆ, ವರ್ಷ ವರ್ಷ ಕೊಡುತ್ತಲೇ ಇರಬೇಕು. ನಮ್ಮ ಬೀಜ ಸ್ವಂತ ಮನೆ. ಒಂದು ಹಣ್ಣು ಉಳಿಸಿಕೊಂಡರೆ ಮುಂದಿನ ವರ್ಷದ ಹೊಲ ಅದರೊಳಗೇ ಇದೆ," ಅನ್ನುತ್ತಿದ್ದರು. "ಔಷಧಿಯ ಮುದ್ದಿಲ್ಲದೆ ಬೆಳೆದ ತಾಯಿಗಿಡದ ಮಕ್ಕಳು ಇವು. ನಮ್ಮ ಮಣ್ಣು, ನಮ್ಮ ಬಿಸಿಲು, ನಮ್ಮ ಹುಳ ಎಲ್ಲ ಇವಕ್ಕೆ ಗೊತ್ತು. ಸಣ್ಣಪುಟ್ಟ ರೋಗಕ್ಕೆ ಕ್ಯಾರೇ ಅನ್ನೋದಿಲ್ಲ." ಜನ ತಲೆದೂಗುತ್ತಿದ್ದರು. ಪಕ್ಕದ ಊರುಗಳಿಂದಲೂ ಕರೆ ಬರುತ್ತಿತ್ತು.

ಭಾಷಣ ಅವರದು, ಬೀಜ ಸೊಸೆಯದು. ಹದಿನಾಲ್ಕು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅವಳ ತಾಯಿ ಕರವಸ್ತ್ರದ ತುದಿಯಲ್ಲಿ ಗಂಟು ಕಟ್ಟಿ ಕೊಟ್ಟ ಟೊಮೆಟೊ ಬೀಜ ಅದು. ಆ ತಾಯಿ ಈಗಿಲ್ಲ. ಒಳ್ಳೆ ಗಿಡ ನೋಡಿ ದಾರ ಕಟ್ಟಿ ಗುರುತು ಮಾಡುವುದು, ಹಣ್ಣು ಹಿಂಡಿ ಮೂರು ದಿನ ಹುಳಿ ಬರಿಸಿ ಲೋಳೆ ಬಿಡಿಸುವುದು, ತೊಳೆದು ನೆರಳಲ್ಲಿ ಒಣಗಿಸುವುದು, ಒದ್ದೆಬಟ್ಟೆಯಲ್ಲಿ ಮೊಳಕೆ ಪರೀಕ್ಷೆ ಮಾಡಿ ಪೊಟ್ಟಣ ಕಟ್ಟುವುದು, ಎಲ್ಲ ಅವಳೇ. ಗುಂಪಿನ ಇಪ್ಪತ್ತೆರಡು ಮನೆಗೆ ವರ್ಷಕ್ಕೊಮ್ಮೆ ಬೀಜ ಹೋಗುತ್ತಿದ್ದದ್ದು ಅವಳ ಕೈಯಿಂದ. ಭಾಷಣದಲ್ಲಿ ಮಾತ್ರ ಅದು "ನಮ್ಮ ಮನೆಯ ಬೀಜ" ಆಗಿತ್ತು.

ಈ ವರ್ಷ ಬಿತ್ತನೆಗೆ ಮುಂಚೆ ಅಣ್ಣನ ಹೆಂಡತಿಯ ಹೆರಿಗೆಗೆಂದು ಸೊಸೆ ಒಂದು ತಿಂಗಳು ತವರಿಗೆ ಹೋದಳು. ಹೋಗುವ ಮುಂಚೆ ಖಾಲಿ ಪೊಟ್ಟಣಗಳ ಮೇಲೆ ಹೆಸರು ಬರೆದಿಟ್ಟು, ಬೀಜದ ಕಪಾಟಿನ ಕೀಲಿ ಗೂಡಿನಲ್ಲಿಟ್ಟು, "ಮಾವ, ಜಾಡಿ ಮುಟ್ಟಬೇಡಿ, ನಾನು ಬಂದು ತುಂಬಿಸ್ತೀನಿ," ಅಂದಿದ್ದಳು. ಅವಳು ಹೋದ ಮೂರನೇ ದಿನ ಮೇಷ್ಟ್ರಿಗೆ ಒಂದು ಶಾಲೆಯಿಂದ ಕರೆ ಬಂತು. ಬರಿಗೈಲಿ ಹೋದರೆ ಭಾಷಣಕ್ಕೆ ಕಳೆ ಏನು? ಜಾಡಿ ಎತ್ತಿಕೊಂಡು ಹೋದರು, ಮುಚ್ಚಳ ತೆಗೆದು ಮಕ್ಕಳಿಗೆಲ್ಲ ತೋರಿಸಿದರು, ಬಂದು ಕಿಟಕಿಯ ಹತ್ತಿರ ಇಟ್ಟರು. ಮುಚ್ಚಳ ಸರಿಯಾಗಿ ಕೂರಿಸಲಿಲ್ಲ. ಅವತ್ತು ಸುರಿದ ಮಳೆ ಕಿಟಕಿಯಿಂದ ಒಳಗೆ ಹೊಡೆಯಿತು. ಒಂಬತ್ತು ದಿನ ಬಿಟ್ಟು ನೋಡಿದರೆ ಜಾಡಿಯೊಳಗೆ ಬೂದುಬಣ್ಣದ ಹತ್ತಿಯಂತೆ ಬೂಸು. ಇಪ್ಪತ್ತು ಬೀಜ ಒದ್ದೆಬಟ್ಟೆಯಲ್ಲಿಟ್ಟರು. ಒಂದೂ ಮೊಳೆಯಲಿಲ್ಲ.

ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಸೊಸೆ ಅಳುತ್ತಿದ್ದಳು, ಗುಂಪಿನವರು ಒಂದು ವರ್ಷ ಬದನೆಯನ್ನೋ ಹುರುಳಿಕಾಯನ್ನೋ ಹಾಕಿಕೊಳ್ಳುತ್ತಿದ್ದರು. ಆದರೆ ಮೇಷ್ಟ್ರು ಕೊಡೆ ಹಿಡಿದು ಪೇಟೆಗೆ ಬಸ್ಸು ಹತ್ತಿದರು. ಬೀಜದಂಗಡಿಯಲ್ಲಿ ಹೈಬ್ರಿಡ್ ಟೊಮೆಟೊ ಬೀಜ ಕೊಂಡರು. ಬೀಜಕ್ಕೆ ಔಷಧಿ ಸವರಿದ ಗುಲಾಬಿ ಬಣ್ಣ. ಅದನ್ನು ಬಚ್ಚಲಿನ ಬಕೆಟ್ಟಿನಲ್ಲಿ ಮೂರು ಸಲ ತೊಳೆದು, ಬಿಸಿಲಿಗೆ ಹರವಿ, ಸೊಸೆಯ ಕೈಬರಹದ ಪೊಟ್ಟಣಗಳಲ್ಲಿ ತುಂಬಿ ಅಂಟಿಸಿಟ್ಟರು. ಬೆರಳಿನ ಬಣ್ಣ ಹೋಗಲು ಎರಡು ದಿನ ಬೇಕಾಯಿತು.

ಸೊಸೆ ಬಂದವಳು ಪೊಟ್ಟಣ ನೋಡಿ, "ಅಯ್ಯೋ, ನೀವೇ ತುಂಬಿಸಿದ್ರಾ? ಮೊಳಕೆ ಪರೀಕ್ಷೆ?" ಅಂದಳು.

"ಮಾಡಿದೆ. ಇಪ್ಪತ್ತಕ್ಕೆ ಹತ್ತೊಂಬತ್ತು."

ಅದೂ ನಿಜವೇ. ಪೇಟೆಯ ಬೀಜ ಇಪ್ಪತ್ತಕ್ಕೆ ಹತ್ತೊಂಬತ್ತು ಮೊಳೆತಿತ್ತು. ಮರುದಿನ ಅವಳು ಅಂಟಿಸಿದ ಪೊಟ್ಟಣಗಳನ್ನು ಬಿಚ್ಚದೆಯೇ ನಗುನಗುತ್ತ ಮನೆಮನೆಗೂ ಹಂಚಿ ಬಂದಳು.

*

ಅಂಚೆಯಣ್ಣ ಬಂದುಹೋದ ದಿನ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಮಾತು ತೆಗೆದವನು ಮಗ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕಂಬದ ಮೇಲಿದ್ದಾಗಲೇ ಕೆಳಗಿನಿಂದ ಯಾರೋ ಕೂಗಿ ಸುದ್ದಿ ಹೇಳಿದ್ದರು.

"ಏನೇ ಇದು? ಊರವರೆಲ್ಲ ನನ್ನ ನಿಲ್ಲಿಸಿ ಕೇಳ್ತಾರೆ. ಒಂದು ಕೆಲಸ ಮಾಡ್ತೀಯ, ಅದನ್ನಾದರೂ ನೆಟ್ಟಗೆ ಮಾಡಕ್ಕಾಗಲ್ವಾ?"

"ನಾನೇನು ಬೇಕು ಅಂತ ಮಾಡಿದೆನಾ?" ಅಂದಳು ಸೊಸೆ. ಅವಳು ಅನ್ನ ಬಡಿಸುತ್ತಿದ್ದಳು, ಸೌಟು ತಟ್ಟೆಗೆ ತಾಗಿ ಸದ್ದಾಯಿತು. "ಹೋದ ವರ್ಷ ಬೇಲಿಯಾಚೆ ಆ ಗುತ್ತಿಗೆಯವರು ಹೈಬ್ರಿಡ್ ಹಾಕಿದ್ರಲ್ಲ, ಅದರ ಪರಾಗ ಏನಾದ್ರೂ ಬಂತೋ ಏನೋ. ಆದ್ರೆ ಟೊಮೆಟೊ ಅಷ್ಟು ಸುಲಭಕ್ಕೆ ಬೆರೆಯಲ್ಲ. ಬೆರೆತ್ರೂ ಒಂದೆರಡು ಗಿಡ. ಎಲ್ಲಾ ಗಿಡನೂ ಒಂದೇ ಥರ ಹೇಗೆ..."

"ನನಗೆ ಆ ಪುರಾಣ ಎಲ್ಲ ಗೊತ್ತಿಲ್ಲ. ಅಪ್ಪನ ಹೆಸರು ಮಣ್ಣುಪಾಲಾಯ್ತು, ಅಷ್ಟು ಗೊತ್ತು."

"ಬಿಡೋ," ಅಂದರು ಮೇಷ್ಟ್ರು. "ತಪ್ಪು ಯಾರ ಕೈಲೂ ಆಗುತ್ತೆ."

ಅಂದ ತಕ್ಷಣ ತಮ್ಮ ದನಿ ತಮಗೇ ಕೇಳಿಸಿತು. ದೊಡ್ಡ ಮನುಷ್ಯನ ದನಿ, ಕ್ಷಮಿಸುವವನ ದನಿ. ಸೊಸೆ ಅವರತ್ತ ಕೃತಜ್ಞತೆಯಿಂದ ನೋಡಿ ಇನ್ನೊಂದು ಸೌಟು ಅನ್ನ ಹಾಕಿದಳು. ಮೇಷ್ಟ್ರ ಹೆಂಡತಿ ಮಾತ್ರ ತಲೆ ಎತ್ತದೆ ಉಣ್ಣುತ್ತಿದ್ದರು.

ಮುಂದಿನ ವಾರ ಗುಂಪಿನ ಸಭೆ ಸೇರಿತು. ಪೇಟೆಯ ಅಂಗಡಿಯವಳ ಕಾಗದವನ್ನು ಅಂಚೆಯಣ್ಣ ಓದಿದ: ಔಷಧಿ ಹಾಕಿದ ಬೀಜದಿಂದ ಬಂದ ತರಕಾರಿಯನ್ನು ಸಾವಯವ ಅಂತ ಮಾರಲಾಗದು, ಯಾರಿಂದ, ಹೇಗೆ ತಪ್ಪಾಯಿತು ಅಂತ ಗುಂಪು ಬರೆದುಕೊಡುವವರೆಗೆ ಟೊಮೆಟೊ ಬೇಡ. ಒಬ್ಬ ಹೇಳಿದ, ತವರಿಗೆ ಹೋಗುವ ಅವಸರದಲ್ಲಿ ಯಾವುದೋ ಬೀಜ ಬೆರೆಸಿರಬೇಕು. ಇನ್ನೊಬ್ಬ ಹೇಳಿದ, ಬೀಜ ಕಮ್ಮಿ ಬಿದ್ದು ಪೇಟೆಯದು ತಂದು ಸೇರಿಸಿರಬೇಕು, ಹೆಣ್ಣುಮಕ್ಕಳಿಗೆ ಹೇಳಿಕೊಳ್ಳೋಕೆ ನಾಚಿಕೆ. ಹಿಂದಿನ ಸಾಲಿನಿಂದ ಬಟ್ಟೆ ಹೊಲಿಯುವ ಟೈಲರಕ್ಕ ಎದ್ದು ನಿಂತಳು.

"ಮೇಷ್ಟ್ರೇ, ನಾನೊಂದು ಮಾತು..."

"ಆಮೇಲೆ ಮಾತಾಡೋಣ, ಕೂತ್ಕೋಮ್ಮ," ಅಂದರು ಮೇಷ್ಟ್ರು. ಅವಳೇನು ಹೇಳುತ್ತಾಳೋ ಅವರಿಗೆ ಗೊತ್ತಿರಲಿಲ್ಲ. ಯಾರೂ ಏನೂ ಹೇಳದಿದ್ದರೆ ಸಾಕಾಗಿತ್ತು.

ಕೊನೆಗೆ ಆದ ತೀರ್ಮಾನ ಇಷ್ಟು. ಬೀಜದ ಕಪಾಟಿನ ಬೀಗದಕೈ ಇನ್ನು ಮೇಲೆ ಮೇಷ್ಟ್ರ ಹತ್ತಿರವೇ ಇರಬೇಕು. ಸೊಸೆ ಸೊಂಟದ ಗೊಂಚಲಿಂದ ಆ ಒಂದು ಕೀಲಿಯನ್ನು ಬಿಡಿಸತೊಡಗಿದಳು. ಉಂಗುರ ಬಿಗಿಯಾಗಿತ್ತು, ಉಗುರು ಸಿಕ್ಕಿಕೊಂಡಿತು. ಇಡೀ ಸಭೆ ಕಾಯುತ್ತ ಕೂತಿತ್ತು. ಕೀಲಿ ಬಿಡಿಸಿ ಎರಡೂ ಕೈಯಿಂದ ಮಾವನಿಗೆ ಕೊಟ್ಟಳು. ಮೇಷ್ಟ್ರು ಒಂದು ಕೈಯಿಂದ ತೆಗೆದುಕೊಂಡರು, ಇನ್ನೊಂದು ಕೈಯಲ್ಲಿ ಮೈಕು ಇತ್ತು.

*

ಅವತ್ತಿನಿಂದ ಸೊಸೆ ಬೀಜದ ಮಾತು ಬಿಟ್ಟಳು. ಬೆಳಗ್ಗೆ ಎದ್ದು ಕಸ ಗುಡಿಸುತ್ತಾಳೆ, ಅಡುಗೆ ಮಾಡುತ್ತಾಳೆ, ಬಟ್ಟೆ ಒಗೆಯುತ್ತಾಳೆ, ಎಲ್ಲ ಎಂದಿನಂತೆ. ಹೊಲದ ಕಡೆ ಮಾತ್ರ ಹೋಗುವುದಿಲ್ಲ. ಸಂಜೆ ಗಿಡಗಳಿಗೆ ನೀರು ಬಿಡುವ ಕೆಲಸ ಅತ್ತೆಗೆ ಬಂತು.

ಒಂದು ದಿನ ಮೊಮ್ಮಗಳು ಶಾಲೆಯಿಂದ ಬಂದವಳೇ ಚೀಲ ಮೂಲೆಗೆಸೆದಳು. ಹನ್ನೊಂದು ವರ್ಷದ ಹುಡುಗಿ, ಸುಲಭಕ್ಕೆ ಅಳುವವಳಲ್ಲ.

"ಏನಾಯ್ತೇ ಪುಟ್ಟಿ?" ಅಂತ ಮೇಷ್ಟ್ರು ಕೇಳಿದರು.

"ನನ್ನ ಹೈಬ್ರಿಡ್ ಅಂತಾರೆ ತಾತ."

"ಯಾರು?"

"ಎಲ್ಲಾರೂ. 'ನಿಮ್ಮಮ್ಮ ಮೋಸದ ಬೀಜ ಮಾರಿದ್ಲು, ನೀನೂ ಹೈಬ್ರಿಡ್ಡೇ' ಅಂತಾರೆ. ಹಾಜರಿ ಕರೆಯುವಾಗ ಹಿಂದಿನಿಂದ ಹೈಬ್ರಿಡ್ ಅಂತ ಕೂಗ್ತಾರೆ. ಟೀಚರ್ ಕೂಡ ನಕ್ಕರು."

"ನಾನು ಬಂದು ಹೆಡ್‌ಮಾಸ್ಟರ ಹತ್ತಿರ ಮಾತಾಡ್ತೀನಿ."

"ಏನಂತ ಮಾತಾಡ್ತೀರಿ?" ಹುಡುಗಿ ಕಣ್ಣೊರೆಸಿಕೊಂಡು ಕೇಳಿದಳು. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿದರು, ಮತ್ತೆ ಹಾಕಿಕೊಂಡರು.

ಅದಾಗಿ ನಾಲ್ಕು ದಿನಕ್ಕೆ, ಅವರು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದಾಗ ಸೊಸೆ ಬಂದು ಮುಂದೆ ನಿಂತಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು:

"ಮಾವ, ನಾನು ತುಂಬ ಯೋಚನೆ ಮಾಡಿದೆ. ತಪ್ಪು ನನ್ನದೇ ಇರಬೇಕು. ಹೋದ ವರ್ಷ ಹಣ್ಣು ಹಿಂಡುವಾಗ ಪುಟ್ಟಿಗೆ ಜ್ವರ ಇತ್ತು, ನನ್ನ ಗಮನ ಇರಲಿಲ್ಲ. ಯಾವುದೋ ಬುಟ್ಟಿ ಅದಲುಬದಲು ಆಗಿರುತ್ತೆ. ನಮ್ಮಮ್ಮ ಕೊಟ್ಟಿದ್ದನ್ನ ನಾನೇ ಕಳೆದೆ. ಅದು ನನ್ನ ಹಣೆಬರಹ. ಆದ್ರೆ ನಿಮ್ಮ ಹೆಸರೂ ಕೆಡಿಸಿದೆನಲ್ಲ. ಕ್ಷಮಿಸಿಬಿಡಿ ಮಾವ."

ಬಗ್ಗಿ ಕಾಲು ಮುಟ್ಟಿದಳು.

ಆಗಲಾದರೂ ಹೇಳಬಹುದಿತ್ತು. ನಾಲಿಗೆ ಎದ್ದಿತು ಕೂಡ. ಆದರೆ ನಾಲ್ಕು ತಿಂಗಳ ಹಿಂದೆ ಹೇಳಬೇಕಾಗಿದ್ದ ಮಾತು ಅಷ್ಟು ದಿನದಲ್ಲಿ ಬೆಳೆದು ಗಂಟಲಿಗಿಂತ ದೊಡ್ಡದಾಗಿತ್ತು. "ಆಯ್ತಮ್ಮ, ಏಳು," ಅಂದರು. ಅಷ್ಟೇ. ಅವಳು ಹೋದ ಮೇಲೆ ಪೇಪರಿನಲ್ಲಿ ಅದೇ ಸಾಲನ್ನು ಹತ್ತು ಸಲ ಓದಿದರು. ಕಾಲಿನ ಮೇಲೆ ಅವಳ ಬೆರಳಿನ ನೀರು ಇನ್ನೂ ಒದ್ದೆಯಾಗಿತ್ತು.

ಹೆಂಡತಿ ಬಾವಿಕಟ್ಟೆಯ ಹತ್ತಿರ ಹುರುಳಿಕಾಯಿ ಸೋಸುತ್ತಿದ್ದರು. ಎಲ್ಲ ನೋಡಿದ್ದರು. ಮೊರ ಪಕ್ಕಕ್ಕಿಟ್ಟು ಎದ್ದು ಬಂದರು.

"ಸಮಾಧಾನ ಆಯ್ತಾ?"

"ಏನೇ?"

"ಬಚ್ಚಲ ಕಲ್ಲಿನ ಮೇಲೆ ಗುಲಾಬಿ ಬಣ್ಣ ಯಾರು ಉಜ್ಜಿದ್ದು ಅಂದ್ಕೊಂಡಿದ್ದೀರಿ? ನೀವು ಬಕೆಟ್ಟು ತೊಳೆದಿಟ್ರಿ, ಕಲ್ಲು ತೊಳೆಯಲಿಲ್ಲ. ನಿಮಗೆ ಕಲ್ಲು ತೊಳೆದು ಅಭ್ಯಾಸ ಎಲ್ಲಿ? ತೆಂಗಿನ ನಾರು ಹಾಕಿ ಉಜ್ಜಿದೆ. ಅವತ್ತೇ ಗೊತ್ತಾಯ್ತು."

ಮೇಷ್ಟ್ರು ಪೇಪರು ಮಡಿಸಿದರು. "ಮತ್ತೆ... ನೀನು ಯಾಕೆ..."

"ನೀವು ಹೇಳ್ತೀರಿ ಅಂತ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ನಲವತ್ತು ವರ್ಷ ಸಂಸಾರ ಮಾಡಿದೀನಿ, ಈ ಮನುಷ್ಯ ಜಂಬದೋನು, ಆದ್ರೆ ಕೆಟ್ಟೋನಲ್ಲ ಅಂದ್ಕೊಂಡಿದ್ದೆ. ಇವತ್ತು ಆ ಹುಡುಗಿ ಕಾಲಿಗೆ ಬೀಳೋ ಹೊತ್ತಲ್ಲಿ ಕಾಲನ್ನಾದರೂ ಹಿಂದಕ್ಕೆ ತಗೊಳ್ತೀರಿ ಅಂತ ನೋಡ್ತಿದ್ದೆ. ತಗೊಳ್ಳಲಿಲ್ಲ. ನಾನೂ ಪಾಪ ಮಾಡಿದೆ, ಗೊತ್ತಿದ್ದೂ ಸುಮ್ಮನಿದ್ದೆ. ನಾಳೆ ಊಟದೊಳಗೆ ನೀವು ಹೇಳದಿದ್ರೆ ನಾನೇ ಹೇಳ್ತೀನಿ."

*

ಮರುದಿನ ಭಾನುವಾರ. ಮಗನಿಗೆ ರಜೆ. ಎಲ್ಲರ ತಟ್ಟೆಗೂ ಬಡಿಸಿ ಆಗಿತ್ತು. ಮೇಷ್ಟ್ರು ತುತ್ತು ಎತ್ತಲಿಲ್ಲ.

"ನಾನೊಂದು ಹೇಳೋದಿದೆ," ಅಂದರು. ಸಾವಿರ ಸಭೆಗಳಲ್ಲಿ ಹಾಗೆಯೇ ಶುರುಮಾಡಿದ್ದರು. ಈಗ ಮುಂದಿನ ವಾಕ್ಯ ಬರಲಿಲ್ಲ. ಕೊನೆಗೆ ತಟ್ಟೆ ನೋಡಿಕೊಂಡೇ, ಜಾಡಿ, ಮಳೆ, ಬೂಸು, ಪೇಟೆ, ಬಕೆಟ್ಟು ಎಲ್ಲ ಹೇಳಿದರು. ಭಾಷಣಗಾರನ ಮಾತು ಅಲ್ಲಲ್ಲಿ ತೊದಲಿತು.

ಮಗ ಹೆಂಡತಿಯ ಮುಖ ನೋಡಿದ, ತಕ್ಷಣ ನೋಟ ತಪ್ಪಿಸಿದ. ಅವಳನ್ನು ಅಂದ ಒಂದೊಂದು ಮಾತೂ ನೆನಪಾಗಿರಬೇಕು. ಮೊಮ್ಮಗಳು, "ಹಾಗಾದ್ರೆ ಹೈಬ್ರಿಡ್ ನೀವಾ ತಾತ?" ಅಂದಳು. ಯಾರೂ ನಗಲಿಲ್ಲ, ಯಾರೂ ಗದರಲಿಲ್ಲ.

ಸೊಸೆ ಸೌಟನ್ನು ಪಾತ್ರೆಯೊಳಗಿಟ್ಟಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ:

"ಜಾಡಿಯಲ್ಲಿದ್ದ ಬೀಜ ಎಲ್ಲಿ?"

"ಒಲೆಗೆ ಹಾಕಿದೆ."

"ಪೂರ್ತಿ?"

"ಪೂರ್ತಿ."

"ಇಪ್ಪತ್ತು ಮೊಳೆಯದಿದ್ರೆ ಇನ್ನೂರು ಇಡಬೇಕಿತ್ತು. ಎರಡು ಸಾವಿರ ಬೀಜ ಇತ್ತು ಮಾವ. ಒಂದು ಬದುಕಿದ್ರೂ ಸಾಕಾಗಿತ್ತು. ಒಂದು ಗಿಡದಿಂದ ಮತ್ತೆ ಮಾಡ್ಕೋತಿದ್ದೆ." ಅವಳ ದನಿ ಏರಲಿಲ್ಲ. ಏರಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು. "ನಿನ್ನೆ ನಿಮ್ಮ ಕಾಲು ಹಿಡಿದೆ ನಾನು."

"ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಹೇಳ್ತೀನಮ್ಮ."

"ಬೇಡ. ಸಭೆಯಲ್ಲಿ ನೀವು ಅದನ್ನೂ ಒಂದು ಭಾಷಣ ಮಾಡ್ತೀರಿ. ಎಂಥಾ ದೊಡ್ಡ ಮನಸ್ಸು ಅಂತ ಚಪ್ಪಾಳೆ ತಟ್ಟಿಸ್ಕೊಂಡು ಬರ್ತೀರಿ. ನನ್ನ ಮರ್ಯಾದೆ ಹೋಗಿದ್ದು ಇಪ್ಪತ್ತೆರಡು ಮನೆಗಳಲ್ಲಿ. ಮನೆಮನೆಗೆ ಹೋಗಿ, ಬಾಗಿಲಲ್ಲಿ ನಿಂತು ಹೇಳಿ."

"ಅಪ್ಪನಿಗೆ ಅರವತ್ತೇಳು ವರ್ಷ ಕಣೇ," ಅಂದ ಮಗ.

"ನೀವು ಸುಮ್ಮನಿರಿ," ಅಂದಳು ಅವಳು. ಆ ಮನೆಯಲ್ಲಿ ಅವಳು ಗಂಡನಿಗೆ ಹಾಗೆ ಹೇಳಿದ್ದು ಅದೇ ಮೊದಲು.  ಊಟವಾದ ಮೇಲೆ ಮಗ, ಎಂದೂ ಇಲ್ಲದ್ದು, ತನ್ನ ತಟ್ಟೆ ತಾನೇ ತೊಳೆದಿಟ್ಟ.

*

ಮೊದಲ ಮನೆ ಅಂಚೆಯಣ್ಣನದು. ಮೇಷ್ಟ್ರು ಬಾಗಿಲಲ್ಲೇ ನಿಂತು ಹೇಳಿ ಮುಗಿಸಿದರು. ಅಂಚೆಯಣ್ಣ ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ಕೆಳಗಿಳಿದು ಬಂದು ಅವರ ಎರಡೂ ಕೈ ಹಿಡಿದುಕೊಂಡ.

"ಮೇಷ್ಟ್ರೇ, ನೀವು ದೇವರಂಥೋರು."

"ಏನು?"

"ಸೊಸೆಯ ಮಾನ ಉಳಿಸೋಕೆ ಮೈಮೇಲೆ ಹಾಕ್ಕೊಳ್ತಿದ್ದೀರಿ. ಇಂಥ ಮಾವ ಯಾರಿಗಿದ್ದಾರೆ? ಬಿಡಿ, ಇದು ನನ್ನ ಹೊಟ್ಟೆಯಲ್ಲೇ ಇರುತ್ತೆ."

"ಅಲ್ಲ ಮಾರಾಯ, ನಿಜವಾಗಲೂ ನಾನೇ..."

"ಆಯ್ತು ಆಯ್ತು, ನೀವೇ," ಅಂತ ಕಣ್ಣು ಮಿಟುಕಿಸಿದ.

ಎರಡನೇ ಮನೆಯಲ್ಲೂ ಹಾಗೇ ಆಯಿತು. ಮೂರನೇ ಮನೆಯ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಸೆಯರು ಇಂಥ ಮಾವಂದಿರ ಬೆಲೆ ತಿಳಿಯಬೇಕು ಅಂದಳು. ಸಂಜೆಯ ಹೊತ್ತಿಗೆ ಮೇಷ್ಟ್ರು ಹೊರಟಾಗಿನದಕ್ಕಿಂತ ದೊಡ್ಡ ಮನುಷ್ಯರಾಗಿದ್ದರು, ಸೊಸೆ ಇನ್ನೂ ಸಣ್ಣವಳಾಗಿದ್ದಳು. ಮನೆಗೆ ಬಂದು ಹೊಸಿಲಲ್ಲೇ ಕೂತರು.

"ನಂಬಲ್ಲ ಅಂತಾರಮ್ಮ."

ಸೊಸೆ ಬಟ್ಟೆ ಮಡಿಸುತ್ತಿದ್ದಳು. "ನಂಬೋ ಹಾಗೆ ಮಾಡಿ," ಅಂದಳು.

ತಪ್ಪು ತಾನೇ ಮಾಡಿದ್ದು ಅಂತ ಸಾಬೀತು ಮಾಡಲು ಮನುಷ್ಯ ಅಲೆಯಬೇಕಾಗಿ ಬಂದರೆ ಹೇಗಿರುತ್ತದೆ ಅಂತ ಮೇಷ್ಟ್ರಿಗೆ ಆಗ ಗೊತ್ತಾಯಿತು. ಮತ್ತೆ ಪೇಟೆಗೆ ಬಸ್ಸು ಹತ್ತಿದರು. ಬೀಜದಂಗಡಿಯವನಿಗೆ ಗುರುತು ಸಿಕ್ಕಿತು. "ಅಯ್ಯೋ, ನೀವಾ! ಮಳೆಯಲ್ಲಿ ಬಂದಿದ್ರಿ. 'ಈ ಬಣ್ಣ ತೊಳೆದ್ರೆ ಹೋಗುತ್ತಾ' ಅಂತ ಕೇಳಿದ್ರಿ. ಅಂಥ ಪ್ರಶ್ನೆ ಕೇಳಿದ ಗಿರಾಕಿಯನ್ನ ಹೇಗೆ ಮರೆಯಲಿ?" ಬಿಲ್ ಪುಸ್ತಕ ತಿರುವಿ, ಅವರ ಸಹಿ ಇದ್ದ ಹಾಳೆಯ ಜೆರಾಕ್ಸ್ ಮಾಡಿಕೊಟ್ಟ. ಕೊಡುವಾಗ, "ಏನಾದ್ರೂ ಕೇಸು ಗೀಸು?" ಅಂತ ಹೆದರಿದ.

"ನಿಮ್ಮ ಮೇಲಲ್ಲ," ಅಂದರು ಮೇಷ್ಟ್ರು.

ಆ ಹಾಳೆ ಹಿಡಿದು ಮತ್ತೆ ಮೊದಲ ಮನೆಯಿಂದ ಶುರುಮಾಡಿದರು. ಅಂಚೆಯಣ್ಣ ತಾರೀಕು ನೋಡಿದ, ಸಹಿ ನೋಡಿದ. ಮೂವತ್ತು ವರ್ಷ ಕಾಗದ ನೋಡಿದ ಕಣ್ಣು ಅದು. ಮುಖ ನಿಧಾನವಾಗಿ ಬಿಗಿಯಿತು.

"ಆ ತಾರೀಕಿಗೆ ಅವಳು ಊರಲ್ಲೇ ಇರಲಿಲ್ಲ."

"ಇರಲಿಲ್ಲ."

"ಮತ್ತೆ ಸಭೆಯಲ್ಲಿ ಕೀಲಿ ಬಿಡಿಸೋವಾಗ ಮೈಕು ಹಿಡ್ಕೊಂಡು ಕೂತಿದ್ರಲ್ಲ ಮೇಷ್ಟ್ರೇ."

"ಹೌದು. ಪೇಟೆಯ ಅಂಗಡಿಗೂ ನನ್ನ ಹೆಸರೇ ಬರೆದುಕೊಡು."

"ಬರೀತೀನಿ." ಅಂಚೆಯಣ್ಣ ಹಾಳೆ ವಾಪಸ್ ಕೊಟ್ಟ. ಈ ಸಲ ಕೈ ಹಿಡಿಯಲಿಲ್ಲ, ಒಳಗೆ ಕರೆಯಲೂ ಇಲ್ಲ.

ಐದು ದಿನ ಸುತ್ತಿದರು. ಒಬ್ಬ ಬಾಯಿಗೆ ಬಂದಂತೆ ಬೈದ; ಬೈಸಿಕೊಳ್ಳುವುದು ಸುಲಭವಾಗಿತ್ತು. ಕಷ್ಟವಾಗಿದ್ದು ಸುಮ್ಮನೆ ನೋಡಿದವರದು. ಒಂದು ಮನೆಯಲ್ಲಿ ಅವರ ಹಳೇ ವಿದ್ಯಾರ್ಥಿ, ಈಗ ಎರಡು ಮಕ್ಕಳ ತಂದೆ, ಎಲ್ಲ ಕೇಳಿ, "ಕೂತ್ಕೊಳ್ಳಿ ಸಾರ್," ಅಂತ ಕುರ್ಚಿ ತಂದಿಟ್ಟ. ಮೇಷ್ಟ್ರಿಗೆ ಕೂರಲಾಗಲಿಲ್ಲ.

ಇಪ್ಪತ್ತೆರಡನೆಯದು ಟೈಲರಕ್ಕನ ಮನೆ. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿದಳು. ಬಿಲ್ ಕೈಯಲ್ಲೂ ಹಿಡಿಯಲಿಲ್ಲ.

"ನನಗೆ ಅವತ್ತೇ ಗೊತ್ತು. ಪೊಟ್ಟಣ ಬಿಚ್ಚಿ ಅಂಗೈಗೆ ಹಾಕ್ಕೊಂಡೆ. ನಮ್ಮ ಬೀಜಕ್ಕೆ ಮೈತುಂಬ ಸಣ್ಣ ಕೂದಲು, ವೆಲ್ವೆಟ್ ಮುಟ್ಟಿದ ಹಾಗಿರುತ್ತೆ. ಇದು ನುಣ್ಣಗೆ, ಗಡ್ಡ ಬೋಳಿಸಿದ ಹಾಗಿತ್ತು. ಬಟ್ಟೆ ಮುಟ್ಟಿ ಜೀವನ ಮಾಡೋಳು ನಾನು, ಗೊತ್ತಾಗಲ್ವಾ? ಹಾಕಲಿಲ್ಲ. ಆ ಹುಡುಗಿ ಒಳ್ಳೇ ಬೀಜ ಹಾಳು ಮಾಡೋಳಲ್ಲ. ಸಭೆಯಲ್ಲಿ ಹೇಳೋಕೆ ಎದ್ದೆ. ಆಮೇಲೆ ಮಾತಾಡೋಣ ಕೂತ್ಕೋ ಅಂದ್ರಿ."

"ಅಂದೆ."

"ಆಮೇಲೆ ಬರಲೇ ಇಲ್ಲ ನೀವು." ಯಂತ್ರ ನಿಲ್ಲಿಸಿ ದಾರ ಕಚ್ಚಿ ತುಂಡು ಮಾಡಿದಳು. "ಹೋದ ವರ್ಷದ ಬೀಜ ನನ್ನ ಹತ್ತಿರ ಸ್ವಲ್ಪ ಉಳಿದಿತ್ತು. ಹಿತ್ತಲಲ್ಲಿ ನಾಲ್ಕು ಗಿಡ ಇದೆ. ಹಣ್ಣಾಗ್ತಿದೆ."

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ಒಂದು... ಒಂದೆರಡು ಹಣ್ಣು ಕೊಡ್ತೀಯಾಮ್ಮ? ತಗೊಂಡು ಹೋಗಿ ಅವಳಿಗೆ..."

"ನಿಮ್ಮ ಕೈಗೆ ಕೊಡಲ್ಲ," ಅಂದಳು ಟೈಲರಕ್ಕ. ಸಿಟ್ಟಿಲ್ಲದೆ, ಅಳತೆ ಹೇಳುವ ದನಿಯಲ್ಲಿ. "ಅವಳನ್ನ ಕಳಿಸಿ."

ಮೇಷ್ಟ್ರು ಮನೆಗೆ ಹೋಗಿ ಅಷ್ಟನ್ನೇ ಹೇಳಿದರು. ಸೊಸೆ ಅರ್ಧ ಹೆಚ್ಚಿದ ತರಕಾರಿ ಅಲ್ಲೇ ಬಿಟ್ಟು, ಚಪ್ಪಲಿ ಹಾಕಿಕೊಂಡಳೋ ಇಲ್ಲವೋ, ಓಡಿದಳು. ಉಳಿದದ್ದನ್ನು ಮೇಷ್ಟ್ರು ಕೂತು ಹೆಚ್ಚಿದರು. ಒಂದು ತುಂಡು ದಪ್ಪ, ಒಂದು ತೆಳು. ಅವಳು ತಿರುಗಿ ಬಂದಾಗ ಮಡಿಲಲ್ಲಿ ಏಳು ಹಣ್ಣಿತ್ತು, ಕಣ್ಣು ಕೆಂಪಾಗಿತ್ತು. ಕಪಾಟಿನ ಕೀಲಿಯನ್ನು ಮೇಷ್ಟ್ರು ಮೇಜಿನ ಮೇಲಿಟ್ಟಿದ್ದರು. ಅವಳು ಅದನ್ನು ತೆಗೆದುಕೊಂಡಳು. ಅವರೊಂದಿಗೆ ಮಾತಾಡಲಿಲ್ಲ.

ಮಾತಿಲ್ಲದೆ ಮೂರು ವಾರ ಕಳೆಯಿತು. ಹೊತ್ತಿಗೆ ಸರಿಯಾಗಿ ಊಟ, ಚಹಾ ಬರುತ್ತಿತ್ತು. "ಬಡಿಸಿದೆ," "ಚಹಾ ಇಟ್ಟಿದೀನಿ," ಅಷ್ಟು ಮಾತ್ರ. ಹೆಂಡತಿ, "ಬೀಜ ಮೊಳೆಯೋಕೂ ಅದರದೇ ಆದ ಹೊತ್ತು ಬೇಕು, ಇದಕ್ಕೆ ಇನ್ನೆಷ್ಟು ಬೇಕೋ. ಮೊಳೆಯದೆಯೂ ಇರಬಹುದು," ಅಂದರು. ಸಮಾಧಾನಕ್ಕೆ ಅಂದದ್ದಲ್ಲ.

*

ಮುಂಚೆಯೇ ಗೊತ್ತುಮಾಡಿದ್ದ ಹಾಗೆ ಕೃಷಿ ಕಾಲೇಜಿನ ಹುಡುಗ ಹುಡುಗಿಯರು ಒಂದು ಬಸ್ಸಿನಲ್ಲಿ ಬಂದರು, ಸಾವಯವ ಬೀಜದ ಬಗ್ಗೆ ತಿಳಿಯಲು. ಆಹ್ವಾನ ಪತ್ರದಲ್ಲಿ ಮೇಷ್ಟ್ರ ಹೆಸರಿತ್ತು. ಅಂಚೆಯಣ್ಣ ಅದನ್ನು ಹೊಡೆದುಹಾಕಿ ಸೊಸೆಯ ಹೆಸರು ಬರೆದಿದ್ದ. ಮೇಷ್ಟ್ರು ಮನೆಯಲ್ಲೇ ಇರೋಣ ಅಂದುಕೊಂಡಿದ್ದರು. ಹೆಂಡತಿ ಬಿಡಲಿಲ್ಲ. "ಹೋಗಿ ಕೇಳಿಸ್ಕೊಳ್ಳಿ. ಅದನ್ನೂ ಕಲೀರಿ." ಹೋಗಿ ಕೊನೆಯ ಬೆಂಚಿನ ತುದಿಯಲ್ಲಿ ಕೂತರು.

ಸೊಸೆಗೆ ಸಭೆಯಲ್ಲಿ ಮಾತಾಡಿ ರೂಢಿಯಿರಲಿಲ್ಲ. ಮೈಕು ಬೇಡ ಅಂದಳು.  ಆಮೇಲೆ ಟೊಮೆಟೊ ಒಂದನ್ನು ಕೈಗೆತ್ತಿಕೊಂಡಳು, ಕೈಗೆ ಕೆಲಸ ಬಂದ ಕೂಡಲೇ ಬಾಯಿಗೂ ದಾರಿ ಸಿಕ್ಕಿತು. ಹಣ್ಣು ಹಿಂಡುತ್ತ ತನ್ನ ತಾಯಿಯ ಕಥೆ ಹೇಳಿದಳು. ಒಂದು ವರ್ಷ ಸುತ್ತಲಿನ ಹೊಲಗಳ ಟೊಮೆಟೊ ಎಲ್ಲ ಸೊರಗು ರೋಗಕ್ಕೆ ಒಣಗಿದಾಗ, ಅವಳ ತಾಯಿಯ ಹಿತ್ತಲಲ್ಲಿ ಮೂರು ಗಿಡ ಮಾತ್ರ ನಿಂತವಂತೆ. ಮನೆಯವರಿಗೆ ತಿನ್ನಲು ಒಂದು ಹಣ್ಣೂ ಕೊಡದೆ ಅಷ್ಟನ್ನೂ ಬೀಜಕ್ಕೆ ಬಿಟ್ಟಳಂತೆ. ಆ ವರ್ಷ ಮನೆಯಲ್ಲಿ ದೊಡ್ಡ ಜಗಳವೇ ಆಯಿತಂತೆ. "ಈ ಬೀಜಕ್ಕೆ ತಾಳಿಕೆ ಬಂದಿದ್ದು ಅಲ್ಲಿಂದ. ಅಂಗಡಿಯಲ್ಲಿ ಇದು ಸಿಗಲ್ಲ," ಅಂದಳು.

ಇಷ್ಟು ವರ್ಷ ಆ ಬೀಜ ಹಿಡಿದು ಊರೂರು ಸುತ್ತಿದ ಮೇಷ್ಟ್ರು ಈ ಕಥೆಯನ್ನು ಮೊದಲ ಸಲ ಕೇಳುತ್ತಿದ್ದರು. ಬೀಜ ಎಲ್ಲಿಂದ ಬಂತು ಅಂತ ಅವರು ಯಾವತ್ತೂ ವಿಚಾರಿಸಿರಲಿಲ್ಲ. 

ಆಮೇಲೆ ಅವಳು ಬೀಜ ಕಾಪಾಡುವುದರ ಬಗ್ಗೆ ಹೇಳಿದಳು. "ತೇವ ಒಂದೇ ಸಾಕು, ಎಲ್ಲಾ ಹೋಗುತ್ತೆ. ಈ ಸಲ ಒಂದು ಮನೆಯಲ್ಲಿ ಜಾಡಿಯ ಮುಚ್ಚಳ ಸರಿಯಾಗಿ ಹಾಕೋದು ಮರೆತು ಇಡೀ ತಳಿಯೇ ಹೋಗೋದರಲ್ಲಿತ್ತು." ಯಾವ ಮನೆ ಅನ್ನಲಿಲ್ಲ. ಯಾರು ಅನ್ನಲಿಲ್ಲ. ಮುಂದಿನ ಮಾತಿಗೆ ಹೋದಳು.

ಮೇಷ್ಟ್ರ ಪಕ್ಕದಲ್ಲಿ ಕೂತಿದ್ದ ಹುಡುಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಅತ್ತಿತ್ತ ನೋಡಿ ಪಿಸುಗುಟ್ಟಿದಳು, "ಸರ್, ನೀವು ಇದೇ ಊರಿನವರಾ? ಅದು ಯಾರ ಮನೆ?"

"ನಮ್ಮನೆ," ಅಂದರು ಮೇಷ್ಟ್ರು. "ಮರೆತೋನು ನಾನೇ."

ಹುಡುಗಿಯ ಪೆನ್ನು ನಿಂತಿತು. ಬರೆಯುವುದೋ ಬಿಡುವುದೋ ತಿಳಿಯದೆ ಅವರ ಮುಖ ನೋಡಿದಳು.

"ಬರ್ಕೋಮ್ಮ. ಮರೆತಿದ್ದು ದೊಡ್ಡದಲ್ಲ, ಅದು ಯಾರಿಗೂ ಆಗುತ್ತೆ. ಮರೆತಿದ್ದನ್ನ ಮುಚ್ಚಿಟ್ಟು ಅವಳ ತಲೆಗೆ ಕಟ್ಟಿದೆ. ಅದನ್ನ ಮೊದಲು ಬರ್ಕೋ."

ಪಿಸುಮಾತು ಅಂದುಕೊಂಡಿದ್ದರು. ಮೂವತ್ತಮೂರು ವರ್ಷ ತರಗತಿಯಲ್ಲಿ ಪಳಗಿದ ಗಂಟಲು, ಮುಂದಿನ ಸಾಲಿನವರೆಗೂ ಕೇಳಿಸಿತು. ತಲೆಗಳು ಹಿಂದಕ್ಕೆ ತಿರುಗಿದವು. ಸೊಸೆ ಹಣ್ಣು ಹಿಂಡುತ್ತಿದ್ದ ಕೈ ನಿಲ್ಲಿಸಿದಳು. ಅಷ್ಟು ದೂರದಿಂದ ಒಂದು ಗಳಿಗೆ ಮಾವನನ್ನೇ ನೋಡಿದಳು. ಮೂರು ವಾರದಿಂದ ಅವಳು ನೆಟ್ಟಗೆ ನೋಡಿರಲಿಲ್ಲ.

"ಹಿಂದಿನ ಬೆಂಚಿನವರು," ಅಂದಳು, "ಸ್ವಲ್ಪ ಮಾತು ನಿಲ್ಲಿಸಿ ಪಾಠ ಕೇಳಿ."

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಮೇಷ್ಟ್ರು ಕೈಕಟ್ಟಿಕೊಂಡು ನೆಟ್ಟಗೆ ಕೂತರು.